ಒಂದು ಮೊಳ, ಐದು ಬೆರಳು

"ಇವತ್ತು ನಿಮಗೆ ಎರಡು ನಿರಾಸೆ ಕಾದಿವೆ" ಎಂದೇ ನಮ್ಮ ಗೈಡ್ ಮಾತು ಶುರು ಮಾಡಿದಳು. "ಒಂದು ನಾನು. ಇನ್ನೊಂದು ಅವನು. ನಾನಾದರೂ ಪರವಾಗಿಲ್ಲ, ಎತ್ತರ ಇದ್ದೇನೆ."

ಎಲ್ಲರೂ ನಕ್ಕರು. ಅಪ್ಪ ನನ್ನ ತೋಳು ಮುಟ್ಟಿ, "ಏನಂತೆ?" ಎಂದರು.

ಹೇಳಿದೆ. ಅಪ್ಪ ಆಕೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಹೌದಲ್ಲ ಅನ್ನಿಸಿ, ಜೋರಾಗಿ ನಕ್ಕರು. ಅಷ್ಟು ಹೊತ್ತಿಗೆ ಉಳಿದವರ ನಗು ಮುಗಿದು ಆಕೆ ಮುಂದಿನ ಮಾತಿಗೆ ಬಾಯಿ ತೆರೆದಿದ್ದಳು. ಆ ಮೌನದಲ್ಲಿ ಅಪ್ಪನ ನಗು ಒಂದೇ ಕೇಳಿಸಿತು. ಆಕೆ ತಿರುಗಿ ನೋಡಿದಳು. ನನಗೆ ನಾಚಿಕೆಯಾಯಿತು. ಅಪ್ಪನಿಗೆ ಏನೂ ಆಗಲಿಲ್ಲ.

ಬೆಲ್ಜಿಯಂನ ಬ್ರಸೆಲ್ಸ್ ನಗರದ ನಟ್ಟನಡುವೆ ಗ್ರಾಂ ಪ್ಲಾಸ್ ಅನ್ನುವ ಹಳೆಯ ಚೌಕವಿದೆ. ಅಲ್ಲಿಂದ ಮನೆಕೆನ್ ಪಿಸ್ ಮೂರ್ತಿಯವರೆಗೆ ನಡೆದು ಹೋಗುವ ಟೂರ್ ಅದು. ದೂರ ಮುನ್ನೂರು ಮೀಟರ್ ಇದ್ದೀತು. ಸುಮ್ನೆ ನಡೆದರೆ ಐದು ನಿಮಿಷ. ಆಕೆ ಅದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ. ಟಿಕೆಟ್ ಇಲ್ಲ. ಕೊನೆಯಲ್ಲಿ ಖುಷಿಯಾದಷ್ಟು ಕೊಟ್ಟರಾಯಿತು. "ಖುಷಿಯಾಗದಿದ್ದರೆ ಇನ್ನೂ ಜಾಸ್ತಿ ಕೊಡಿ, ನಾನು ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ" ಎಂದಳು. ಇದನ್ನೂ ಹೇಳಿದೆ. ಅಪ್ಪ ಮತ್ತೆ ತಡವಾಗಿ ನಕ್ಕರು.

ಕೆಲಸದ ಮೇಲೆ ನಾನು ಕೆಲವು ತಿಂಗಳು ಆ ಊರಿನಲ್ಲಿದ್ದೆ. ಅಪ್ಪ ಮೂರು ವಾರಕ್ಕೆಂದು ಬಂದಿದ್ದರು. ಅವರು ನೀರು ಸರಬರಾಜಿನಲ್ಲಿ ವಾಲ್ವ್‌ಮನ್ ಆಗಿ ಸೇರಿ, ಮೀಟರ್ ರೀಡರ್ ಆಗಿ, ಕೊನೆಗೆ ಹತ್ತು ಹನ್ನೆರಡು ಜನರ ಮೇಲೆ ಮೇಸ್ತ್ರಿಯಾಗಿ ರಿಟೈರ್ ಆದವರು. ರಿಟೈರ್ ಆಗಿದ್ದು ಸಂಬಳದಿಂದ ಮಾತ್ರ. ಬ್ರಸೆಲ್ಸ್‌ಗೆ ಬಂದ ಎರಡನೇ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ, ಸವೆದ ವಾಷರನ್ನು ಮಗುಚಿ ಹಾಕಿ, ಮತ್ತೆ ಬಿಗಿದಿದ್ದರು. ಮೂರು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ನಿಂತಿತ್ತು. "ರಾತ್ರಿಯೆಲ್ಲಾ ಹೆಂಗಮ್ಮಾ ಮಲಗ್ತಿದ್ದೆ ಇಲ್ಲಿ?" ಎಂದು ಕೇಳಿದರು. ಆ ಸದ್ದು ನನಗೆ ಯಾವತ್ತೂ ಕೇಳಿಸಿರಲೇ ಇಲ್ಲ.

ಮನೆಕೆನ್ ಪಿಸ್ ಏನೆಂದು ಅಪ್ಪನಿಗೆ ಮೊದಲೇ ಹೇಳಿರಲಿಲ್ಲ. ಹೇಗೆ ಹೇಳೋದು? ಅಲ್ಲಿನ ಹಳೆಯ ಆಡುಮಾತಿನಲ್ಲಿ ಮನೆಕೆನ್ ಅಂದರೆ ಪುಟ್ಟ ಮನುಷ್ಯ. ಪಿಸ್ ಅಂದರೆ ನೀವು ಊಹಿಸಿದ್ದೇ. ಬತ್ತಲೆ ಹುಡುಗ ನಿಂತುಕೊಂಡು ಉಚ್ಚೆ ಹೊಯ್ಯುತ್ತಿರುವ ಕಂಚಿನ ಮೂರ್ತಿ. ಅದನ್ನು ನೋಡಲು ಪ್ರಪಂಚದ ಮೂಲೆ ಮೂಲೆಯಿಂದ ಜನ ಬರುತ್ತಾರೆ. ಅಪ್ಪನಿಗೆ "ಒಂದು ಫೇಮಸ್ ಮೂರ್ತಿ ಇದೆ, ನೋಡೋಣ" ಎಂದಷ್ಟೇ ಹೇಳಿ ಕರೆದುಕೊಂಡು ಬಂದಿದ್ದೆ. "ಯಾರದು, ರಾಜಂದಾ?" ಎಂದು ಕೇಳಿದ್ದರು. ಹೂಂ ಅಂದಿದ್ದೆ.

ಟೂರ್‌ಗೆ ಒಂದು ನಿಯಮವಿತ್ತು. ಆಕೆಯ ಕೈಯಲ್ಲಿ ಒಂದು ಕೆಂಪು ಕೊಡೆ. "ಈ ಊರಿನಲ್ಲಿ ಗೈಡುಗಳು ಸುಳ್ಳು ಹೇಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ನಾನು ಪ್ರಾಮಾಣಿಕಳು. ಕೊಡೆ ಬಿಚ್ಚಿದ್ದರೆ ಸುಳ್ಳು, ಮಡಚಿದ್ದರೆ ನಿಜ." ಆಗ ತುಂತುರು ಮಳೆ. ಕೊಡೆ ಬಿಚ್ಚಿಯೇ ಇತ್ತು. ಆಕೆ ಮೇಲೆ ನೋಡಿ, "ನಮ್ಮೂರ ಹವಾಮಾನವೇ ಹೀಗೆ, ನಿಜ ಹೇಳಿದರೆ ನೆಗಡಿ ಆಗುತ್ತೆ" ಎಂದಳು.

ಇದು ಅಪ್ಪನಿಗೆ ತುಂಬಾ ಹಿಡಿಸಿತು. ಅಲ್ಲಿಂದ ಮುಂದೆ ಅವರು ನನ್ನ ಕಡೆ ನೋಡುವ ಮೊದಲು ಕೊಡೆಯ ಕಡೆ ನೋಡುತ್ತಿದ್ದರು. ಬಿಚ್ಚಿದ್ದರೆ ನಗಲು ತಯಾರಾಗಿ "ಏನಂತೆ?" ಮಡಚಿದ್ದರೆ ಗಂಭೀರವಾಗಿ "ಏನಂತೆ?"

ಮೊದಲ ಕತೆ ಪುರಭವನದ್ದು. ಚೌಕದ ಒಂದು ಬದಿಗೆ ಇಡೀ ಉದ್ದಕ್ಕೂ ನಿಂತಿರುವ ಕಟ್ಟಡ ಅದು. ಮೇಲೆ 96 ಮೀಟರ್ ಎತ್ತರದ ಗೋಪುರ. ಸ್ವಲ್ಪ ಹೊತ್ತು ನೋಡಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಗೋಪುರ ಮಧ್ಯದಲ್ಲಿಲ್ಲ. ಎಡಗಡೆಯ ಭಾಗ ಉದ್ದ, ಬಲಗಡೆಯದು ಗಿಡ್ಡ. ಕೊಡೆ ಬಿಚ್ಚಿತು. "ಕಟ್ಟಿದವನು ಕೆಲಸ ಮುಗಿಸಿ ಇಲ್ಲೇ, ನೀವು ನಿಂತಲ್ಲೇ, ನಿಂತು ನೋಡಿದ. ಗೋಪುರ ಸೊಟ್ಟ ಜಾಗದಲ್ಲಿದೆ ಎಂದು ಗೊತ್ತಾಯಿತು. ನಾಚಿಕೆಯಿಂದ ಮೇಲೆ ಹತ್ತಿ ಹಾರಿದ." ಎಲ್ಲರೂ ಕಾಲ ಕೆಳಗಿನ ಕಲ್ಲು ನೋಡಿಕೊಂಡರು. ಕೊಡೆ ಮಡಚಿತು. ಎಡಭಾಗ ಶುರುವಾಗಿದ್ದು 1402ರ ಸುಮಾರಿಗೆ. ಬಲಭಾಗ ಶುರುವಾಗಿದ್ದು 1444ರಲ್ಲಿ. ಈಗಿನ ಗೋಪುರ ಮುಗಿದಿದ್ದು 1455ರಲ್ಲಿ. ಯಾರೂ ಎಲ್ಲಿಂದಲೂ ಹಾರಲಿಲ್ಲ.

ನಾನು ಇದನ್ನು ಕನ್ನಡಕ್ಕೆ ಇಳಿಸುವಷ್ಟರಲ್ಲಿ ಅಪ್ಪ ಕತೆಯ ಅರ್ಧದಲ್ಲೇ ತಲೆ ಅಲ್ಲಾಡಿಸಿದರು. "ಹಾರಿರೋದಿಲ್ಲ ಬಿಡು. ಎರಡು ಗುತ್ತಿಗೆ ಕೊಟ್ಟಿರ್ತಾರೆ. ಇವನ ಅಳತೆ ಅವನಿಗೆ ಗೊತ್ತಿಲ್ಲ, ಅವನ ಅಳತೆ ಇವನಿಗೆ ಗೊತ್ತಿಲ್ಲ." ನಾನು ಇನ್ನೂ ನಿಜದ ಭಾಗ ಹೇಳಿರಲೇ ಇಲ್ಲ. ಆಕೆ ನಮ್ಮ ಕಡೆ ನೋಡಿ, "ಅವರು ಏನಂದರು?" ಎಂದು ಕೇಳಿದಳು. ಹೇಳಿದೆ. ಆಕೆ ಒಂದು ಕ್ಷಣ ಯೋಚಿಸಿ, "ನಾಳೆಯಿಂದ ನಾನು ಇದನ್ನೇ ಹೇಳುತ್ತೇನೆ" ಎಂದಳು. ಅಲ್ಲಿಂದ ಆಕೆ ಪ್ರತಿ ಜೋಕ್ ಆದ ಮೇಲೂ ನಿಲ್ಲಿಸಿ ಕಾಯತೊಡಗಿದಳು. ಹದಿನಾಲ್ಕು ಜನರ ಗುಂಪಿನಲ್ಲಿ ಮೊದಲು ಹದಿಮೂರು ಜನರ ನಗು, ಆಮೇಲೆ ಒಬ್ಬರದು. ಆ ಎರಡನೇ ನಗುವಿಗೆ ಉಳಿದವರೂ ಕಾಯುವಂತಾಯಿತು. ಸ್ಪೇನಿನಿಂದ ಬಂದ ಒಬ್ಬಾಕೆಯಂತೂ ಜೋಕ್ ಮುಗಿದ ಕೂಡಲೇ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಗಂಜಿ ಉಕ್ಕುವುದನ್ನು ಕಾಯುವವರ ಹಾಗೆ.

ನಗೆಮಾತನ್ನು ಅನುವಾದ ಮಾಡಿ ಹೇಳುವುದು ಕಷ್ಟದ ಕೆಲಸ ಮಾರಾಯ್ರೆ. ಮಾತು ಆಕೆಯದು, ನಗು ಅಪ್ಪನದು, ನಡುವೆ ಬೆವರು ನನ್ನದು. ಆದರೆ ಅದರಿಂದ ಒಂದು ಲಾಭವಾಯಿತು. ಆಕೆಯ ಕಸುಬು ಹತ್ತಿರದಿಂದ ಕಾಣಿಸಿತು. ಜೋಕುಗಳೆಲ್ಲ ನಡೆಯುವಾಗ, ಹಿಂದೆ ಉಳಿದವರಿಗೆ ಕಾಯುವಾಗ, ಸಾಮಾನಿನ ಗಾಡಿ ಅಡ್ಡ ಬಂದಾಗ. ನಿಜಗಳೆಲ್ಲ ಎಲ್ಲರೂ ಒಂದೆಡೆ ನಿಂತ ಮೇಲೆ. ನಾವು ಕಾದಿದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹಿಮ್ಮುಖವಾಗಿ ನಡೆಯುತ್ತಾ, ಕಲ್ಲುಹಾಸಿನಲ್ಲಿ ಒಮ್ಮೆಯೂ ಎಡವದೆ, ಎಷ್ಟು ಜನ ಇದ್ದೇವೆ ಎಂದು ಕಣ್ಣಲ್ಲೇ ಎಣಿಸುತ್ತಾ ಆಕೆ ಮಾತಾಡುತ್ತಿದ್ದಳು. ಇದೇ ಜೋಕುಗಳನ್ನು ಆಕೆ ಬೆಳಗ್ಗೆ ಹತ್ತಕ್ಕೂ ಹೇಳಿರುತ್ತಾಳೆ, ನಾಳೆಯೂ ಹೇಳುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ವಾಲ್ವ್ ತಿರುಗಿಸುವುದೂ ದಿನಾ ಅದೇ ಕೆಲಸ ಅಲ್ವಾ.

ಒಂದು ಕಡೆ ಮಾತ್ರ ಆಕೆ ಜೋಕನ್ನು ನಡುವೆಯೇ ಬಿಟ್ಟಳು. 1695ರ ಆಗಸ್ಟ್. ಫ್ರಾನ್ಸಿನ 14ನೇ ಲೂಯಿಯ ಸೈನ್ಯ ಊರಿನ ಹೊರಗಿನ ದಿಬ್ಬದ ಮೇಲೆ ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿತು. ಗುಂಡು ಹಾರಿಸುವವರಿಗೆ ಗುರುತಾಗಿ ಸಿಕ್ಕಿದ್ದು ಇದೇ ಗೋಪುರ. "ಗುರಿ ಇಟ್ಟಿದ್ದು ಗೋಪುರಕ್ಕೆ. ಗೋಪುರವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಡೆದರು." ನಗು ಬಂತು. ಆಗ ಕೊಡೆ ಮಡಚಿ, ನಾಲ್ಕು ಸಾವಿರ ಮನೆಗಳು ಸುಟ್ಟವು ಎಂದು ಮೆಲ್ಲಗೆ ಹೇಳಿದಳು. ನಾವು ಸುತ್ತ ನೋಡುತ್ತಿದ್ದ ಚಿನ್ನದ ಅಂಚಿನ ಮನೆಗಳೆಲ್ಲ ಆಮೇಲೆ ಕೆಲವೇ ವರ್ಷಗಳಲ್ಲಿ ಎದ್ದವು. ಬೇಕರಿಯವರ ಸಂಘದ್ದೊಂದು, ದೋಣಿಯವರದ್ದೊಂದು, ಬಿಯರ್ ತಯಾರಿಸುವವರದ್ದೊಂದು. ಮಳೆ ಆಕೆಯ ಕೂದಲಿನ ಮೇಲೆ ಬೀಳುತ್ತಿತ್ತು. ಎಲ್ಲ ಹೇಳಿ ಮುಗಿಯುವವರೆಗೂ ಕೊಡೆ ಬಿಚ್ಚಲಿಲ್ಲ.

ಚೌಕದಿಂದ ಹೊರಬೀಳುವ ಮೂಲೆಯಲ್ಲಿ ಎವರಾರ್ಟ್ ಟ್ ಸೆರ್ಕ್ಲಾಸ್ ಎಂಬ ವೀರ ಒರಗಿ ಮಲಗಿರುವ ಲೋಹದ ಶಿಲ್ಪವಿದೆ. 1388ರಲ್ಲಿ ಸತ್ತವನು. ಅವನ ತೋಳು ಸವರಿದರೆ ಅದೃಷ್ಟವಂತೆ. ಸವರಿ ಸವರಿ ತೋಳು ಫಳಫಳ ಹೊಳೆಯುತ್ತಿದೆ. ಕೊಡೆ ಬಿಚ್ಚಿಯೇ ಇತ್ತು. ಆದರೂ ಎಲ್ಲರೂ ಸವರಿದೆವು.

ಅಲ್ಲಿಂದ ಮುಂದೆ ಕಿರಿದಾದ ಬೀದಿ. ಬ್ರಸೆಲ್ಸ್‌ನಲ್ಲಿ ಪ್ರತಿ ಬೀದಿಗೂ ಎರಡು ಹೆಸರು, ಒಂದು ಫ್ರೆಂಚಿನಲ್ಲಿ, ಒಂದು ಡಚ್‌ನಲ್ಲಿ. "ಇಲ್ಲಿ ದಾರಿ ತಪ್ಪಬೇಕೆಂದರೆ ಎರಡು ಭಾಷೆಯಲ್ಲಿ ತಪ್ಪಬಹುದು" ಎಂದಳು. ಈ ಬೀದಿ ಫ್ರೆಂಚಿನಲ್ಲಿ ರ್ಯೂ ದ ಲೆತ್ಯೂವ್. ಡಚ್‌ನಲ್ಲಿ ಸ್ಟೋಫ್‌ಸ್ಟ್ರಾಟ್. ಎರಡರ ಅರ್ಥವೂ ಒಂದೇ, ಬಿಸಿನೀರಿನ ಬಚ್ಚಲುಮನೆಗಳ ಬೀದಿ. ಮನೆಯಲ್ಲಿ ಬಚ್ಚಲಿಲ್ಲದ ಕಾಲದಲ್ಲಿ ಜನ ಇಲ್ಲಿ ದುಡ್ಡು ಕೊಟ್ಟು ಮೈ ತೊಳೆದು ಹೋಗುತ್ತಿದ್ದರು. ಇದನ್ನು ಆಕೆ ನಡೆಯುತ್ತಲೇ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಆದರೆ ಅಪ್ಪ ನಿಂತರು. "ಹಂಗಾದ್ರೆ ಇಲ್ಲಿಗೆ ನೀರು ಬರ್ತಿತ್ತು ಅಂತಾಯ್ತು" ಎಂದು ನೆಲ ನೋಡಿದರು. ಬೀದಿಯ ಇಳಿಜಾರು ಯಾವ ಕಡೆ ಎಂದು ಕಾಲಲ್ಲೇ ಅಂದಾಜು ಮಾಡಿದರು. ನಾನು ಕೈ ಹಿಡಿದು ಎಳೆದೆ.

ಆ ಬೀದಿಯ ತುಂಬಾ ಅವನದೇ ಪ್ರತಿರೂಪ. ಚಾಕೊಲೇಟ್ ಅಂಗಡಿ ಮುಂದೆ ಆಳೆತ್ತರದ ಪ್ಲಾಸ್ಟಿಕ್ ಹುಡುಗ, ಕೈಯಲ್ಲಿ ವಾಫಲ್ ಹಿಡಿದ ಇನ್ನೊಬ್ಬ, ಬಾಟಲ್ ಓಪನರ್ ಆಗಿ ತೂಗಾಡುವ ನೂರು ಜನ. ಪ್ರತಿ ದೊಡ್ಡ ಗೊಂಬೆಯ ಎದುರೂ ಆಕೆ ನಿಂತು, ಕೈ ಚಾಚಿ, "ಇಗೋ ನಮ್ಮ ಊರಿನ..." ಎಂದು ತಡೆದು, "ಇಲ್ಲ, ಇವನಲ್ಲ" ಎಂದು ಮುಂದೆ ಹೋಗುತ್ತಿದ್ದಳು. ಹೀಗೆ ನಾಲ್ಕು ಸಲ. ಇಷ್ಟು ಹೊತ್ತಿಗೆ ಅಪ್ಪನಿಗೆ ವಿಷಯ ಗೊತ್ತಾಗಿತ್ತು. ನನ್ನ ಕಡೆ ತಿರುಗಿ ನೋಡಿದರು. "ರಾಜ ಅಂದೆ?"

ಕೊನೆಗೆ ಒಂದು ತಿರುವಿನಲ್ಲಿ ಬರೀ ಬೆನ್ನುಗಳು. ಐವತ್ತು ಅರುವತ್ತು ಜನ, ಎತ್ತಿದ ಫೋನುಗಳು. ಸಂದಿಯಲ್ಲಿ ನುಗ್ಗಿ ಹೋದರೆ ಕಬ್ಬಿಣದ ಕಂಬಿಗಳ ಬೇಲಿ. ಅದರಾಚೆ ಕಲ್ಲಿನ ದೊಡ್ಡ ಗೂಡು. ಗೂಡಿನಲ್ಲಿ ಅವನು.

ಅಪ್ಪ ಮೊದಲು ಅವನನ್ನು ನೋಡಲೇ ಇಲ್ಲ. ಸುತ್ತಲೂ ಹುಡುಕಿ, "ಎಲ್ಲಿ?" ಎಂದರು. ತೋರಿಸಿದೆ. "ಅಷ್ಟೇನಾ?"

"ಅಷ್ಟೇ."

ಅಪ್ಪ ಬಲಗೈ ಮಡಚಿ ಮೊಳಕೈಯಿಂದ ನಡುಬೆರಳಿನ ತುದಿವರೆಗೆ ಗಾಳಿಯಲ್ಲಿ ಹಿಡಿದರು. ಒಂದು ಕಣ್ಣು ಮುಚ್ಚಿದರು. ತುದಿಯಲ್ಲಿ ಎಡಗೈ ಬೆರಳುಗಳನ್ನು ಜೋಡಿಸಿದರು. "ಒಂದು ಮೊಳ, ಮೇಲೆ ಐದು ಬೆರಳು" ಎಂದರು. ಆಕೆಯನ್ನು ಕೇಳಿದೆ. 55.5 ಸೆಂಟಿಮೀಟರ್. ಮನೆಗೆ ಬಂದು ಟೇಪ್ ಹಿಡಿದು ಅಪ್ಪನ ಮೊಳ ಅಳೆದೆ. ಐದು ಬೆರಳು ಸೇರಿಸಿದೆ. ಅರ್ಧ ಸೆಂಟಿಮೀಟರ್ ಮಾತ್ರ ವ್ಯತ್ಯಾಸ.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ಅಲ್ಲಿ ನಿಂತ ಬಹಳಷ್ಟು ಮುಖಗಳಲ್ಲಿ ಅದೇ ಕಾಣುತ್ತಿತ್ತು. ನಮ್ಮ ಗುಂಪಿನಲ್ಲಿ ಮಾತ್ರ ಹಾಗಿರಲಿಲ್ಲ. ಆಕೆ ಮುಕ್ಕಾಲು ಗಂಟೆಯಿಂದ ನಮ್ಮ ನಿರೀಕ್ಷೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ಬಂದಿದ್ದಳು. ಎಷ್ಟು ಇಳಿಸಿದ್ದಳೆಂದರೆ, ಜರ್ಮನಿಯ ಒಬ್ಬಾತ "ನಾನು ಇನ್ನೂ ಚಿಕ್ಕದು ಅಂದುಕೊಂಡಿದ್ದೆ" ಎಂದ.

ಈಗ ಕತೆಗಳ ಸರದಿ. ಕೊಡೆ ಪೂರ್ತಿ ಬಿಚ್ಚಿತು. ಒಂದು ಕತೆಯಲ್ಲಿ ಅವನು 12ನೇ ಶತಮಾನದ ಎಳೆಗೂಸು ದೊರೆ. ಯುದ್ಧ ನಡೆಯುವಾಗ ಸೈನಿಕರಿಗೆ ಹುಮ್ಮಸ್ಸು ಬರಲೆಂದು ಅವನ ತೊಟ್ಟಿಲನ್ನು ಮರಕ್ಕೆ ನೇತುಹಾಕಿದ್ದರು. ಅವನು ಅಲ್ಲಿಂದಲೇ ಶತ್ರುಗಳ ಮೇಲೆ ಹೊಯ್ದ, ನಮ್ಮವರು ಗೆದ್ದರು. (ಹಾಗಾಗಿ ನಾನು ಅಪ್ಪನಿಗೆ ಹೇಳಿದ್ದು ಪೂರ್ತಿ ಸುಳ್ಳೇನಲ್ಲ.) ಇನ್ನೊಂದರಲ್ಲಿ ಅವನು ಬೀದಿ ಹುಡುಗ. ಶತ್ರುಗಳು ಊರು ಸಿಡಿಸಲು ಮದ್ದಿಗೆ ಬತ್ತಿ ಹಚ್ಚಿದ್ದನ್ನು ನೋಡಿ, ಹತ್ತಿರದಲ್ಲಿ ಬೇರೆ ನೀರಿಲ್ಲದೆ, ಇದ್ದದ್ದರಲ್ಲೇ ಆರಿಸಿದ. ಮೂರನೆಯದರಲ್ಲಿ ಅವನು ಕಳೆದುಹೋದ ಸಾಹುಕಾರನ ಮಗ. ಹುಡುಕಿದಾಗ ಇದೇ ಮೂಲೆಯಲ್ಲಿ ಇದೇ ಭಂಗಿಯಲ್ಲಿ ಸಿಕ್ಕಿದ. ಅಪ್ಪ ಕಾರಣ ಕೇಳಿದ್ದು ಆಗಲೇ. "ಸಾಹುಕಾರ ಮೂರ್ತಿ ಮಾಡಿಸಿದ ಸರಿ. ನೀರು ಯಾಕೆ ಬಿಟ್ಟ?"

ಮತ್ತೆ, "ಅದಲ್ಲ, ಆಯಮ್ಮನ್ನ ಕೇಳು. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?"

ಕೇಳಿದೆ. ಎಲ್ಲರೂ ಅವನ ಬಟ್ಟೆಯ ಬಗ್ಗೆ ಕೇಳುತ್ತಾರಂತೆ, ಕಳ್ಳತನದ ಬಗ್ಗೆ ಕೇಳುತ್ತಾರಂತೆ. ಇದನ್ನು ಕೇಳುವವರು ಕಡಿಮೆ. ಆಕೆಯ ಮುಖವೇ ಬದಲಾಯಿತು. ಮಳೆ ಜೋರಾಗಿತ್ತು. ಕೊಡೆ ಮಡಚಿದಳು. "ಇದು ನಿಜ. ಅವನಿಗೆ ಒಂದು ದೊಡ್ಡ ಲೀಕ್ ಇತ್ತು."

ಗುಂಪು ಬಿದ್ದು ಬಿದ್ದು ನಕ್ಕಿತು. ಇಂಗ್ಲಿಷಿನಲ್ಲಿ ಲೀಕ್ ಅಂದರೆ ಸೋರಿಕೆಯೂ ಹೌದು, ಒಂದಕ್ಕೆ ಹೋಗುವುದೂ ಹೌದು. ಇದನ್ನು ಕನ್ನಡದಲ್ಲಿ ಹೇಗೆ ದಾಟಿಸಲಿ ಎಂದು ನಾನು ಒದ್ದಾಡುತ್ತಿದ್ದೆ. ಅಪ್ಪ ಈ ಸಲ ಏನಂತೆ ಅನ್ನಲಿಲ್ಲ. ನನ್ನನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಿದ್ದರು. ನಗದೆ ನಿಂತಿದ್ದವರು ಅವರೊಬ್ಬರೇ.

"ಲೀಕ್? ವೇರ್?"

ಮುಂದಿನ ಎರಡು ನಿಮಿಷ ನಾನು ಬೇಕಾಗಲಿಲ್ಲ. ಆಕೆ "ಮೀಟರ್" ಎಂದಳು. ಅಪ್ಪ "ಮೀಟರ್, ಹಾಂ" ಎಂದರು. ಆಕೆ "ನೋ ಮೀಟರ್" ಎಂದಳು. ಅಪ್ಪ ಹಣೆಗೆ ಕೈ ಇಟ್ಟರು. ಪೈಪ್, ಪಂಪ್, ಲೀಟರ್, ಡ್ರೈನೇಜ್. ಅಪ್ಪ ಮೂವತ್ತು ವರ್ಷ ಆಡಿದ ಮಾತುಗಳಲ್ಲಿ ಅರ್ಧ ಇವೇ. ಇವು ಇಂಗ್ಲಿಷ್ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಕ್ಕಿಲ್ಲ, ನನಗೂ ಅನ್ನಿಸಿರಲಿಲ್ಲ. ಆ ಗುಂಪಿನಲ್ಲಿ ಆಗ ಅನುವಾದ ಬೇಕಾಗಿದ್ದದ್ದು ನನಗೆ.

ವಿಷಯ ಇಷ್ಟು. ಅವನು ಹೊಯ್ಯುವ ನೀರು ಕೆಳಗೆ ಬಿದ್ದು, ಮತ್ತೆ ಮೇಲಕ್ಕೆ ಹೋಗಿ, ಅದೇ ನೀರು ತಿರುಗುತ್ತಿರುತ್ತದೆ ಎಂದೇ ನಗರದವರು ನಂಬಿದ್ದರು. ಯಾರೂ ಅಳೆದು ನೋಡಿರಲಿಲ್ಲ. ಊರಿನ ನೀರಿನ ಖರ್ಚು ಲೆಕ್ಕ ಹಾಕುವಾಗ ಇಲ್ಲಿಗೂ ಒಂದು ಮೀಟರ್ ಕೂರಿಸಿದರು. ಮೀಟರ್ ಓಡಿತು. ದಿನಕ್ಕೆ 1,500ರಿಂದ 2,500 ಲೀಟರ್ ಕುಡಿಯುವ ನೀರು ನೇರವಾಗಿ ಚರಂಡಿಗೆ. ಸುಮಾರು ಹತ್ತು ಮನೆಗಳ ಖರ್ಚು. 2019ರಲ್ಲಿ ಸುದ್ದಿ ಹೊರಗೆ ಬಂತು. ಆಮೇಲೆ ಸರಿಮಾಡಿದರು. ಈಗ ನಿಜವಾಗಿಯೂ ಅದೇ ನೀರು ಸುತ್ತುತ್ತಿದೆ. ಇಡೀ ಊರು ದಿನಾ ಎದುರಿಗೆ ನಿಂತು ಫೋಟೋ ತೆಗೆಯುತ್ತಿದ್ದ ಜಾಗದಲ್ಲೇ ಸೋರುತ್ತಿತ್ತು ಎಂದರೆ ಏನು ಹೇಳೋದು.

ಅಪ್ಪ ಬೇಲಿಯ ಕಂಬಿ ಹಿಡಿದು ಬಗ್ಗಿ ತೊಟ್ಟಿ ನೋಡಿದರು. ನೀರಿನ ಎಳೆ ಕಿರುಬೆರಳಿಗಿಂತ ಸಣ್ಣ. "ಇಷ್ಟು ಸಣ್ಣದು. ಆದರೆ ರಾತ್ರಿಯೂ ಬಂದ್ ಮಾಡಲ್ವಲ್ಲ" ಎಂದರು. ಗಂಟೆಗೆ ನೂರು ಲೀಟರ್ ಹಿಡಿ ಎಂದು ಬಾಯಲ್ಲೇ ಲೆಕ್ಕ ಹಾಕಿ, ಆಗುತ್ತೆ, ಎರಡು ಸಾವಿರದ ನಾನೂರು ಆಗುತ್ತೆ ಎಂದು ಒಪ್ಪಿಕೊಂಡರು.

ಆಮೇಲೆ ಆಕೆ ಹೇಳಿದ್ದನ್ನು ನಾನೇ ಅನುವಾದ ಮಾಡಬೇಕಾಯಿತು. ಕೊಡೆ ಮಡಚಿಯೇ ಇತ್ತು. ಈ ಹುಡುಗನ ಹೆಸರು ಮೊದಲು ಸಿಗುವುದು 1451–52ರ ಕಡತವೊಂದರಲ್ಲಿ. ಅದು ಯುದ್ಧದ ಕಡತವೂ ಅಲ್ಲ, ದೊರೆಗಳದ್ದೂ ಅಲ್ಲ. ಊರಿನ ಕಾರಂಜಿಗಳಿಗೆ ನೀರು ಹೋಗುವ ಕೊಳವೆಗಳ ಲೆಕ್ಕ. ಈಗಿನ ಕಂಚಿನ ರೂಪವನ್ನು ಜೆರೋಮ್ ದ್ಯುಕೆನ್ವಾ ಎಂಬ ಶಿಲ್ಪಿಯಿಂದ ಮಾಡಿಸಲು ನಗರದವರು ನಿರ್ಧರಿಸಿದ್ದು 1619ರಲ್ಲಿ. ಆಗ ಅವನು ಒಂದು ಕಂಬದ ಮೇಲೆ ನಿಂತಿದ್ದ. ಕೆಳಗೆ ಕಲ್ಲಿನ ತೊಟ್ಟಿ. ಅಕ್ಕಪಕ್ಕದ ಬೀದಿಯವರು ಪಾತ್ರೆ ತಂದು ಕುಡಿಯುವ ನೀರು ತುಂಬಿಸಿಕೊಂಡು ಹೋಗುತ್ತಿದ್ದರು. ಮನೆ ಮನೆಗೆ ಪೈಪ್ ಬರುವವರೆಗೂ ಅವನ ಕೆಲಸ ಅದೇ.

"ಹಂಗಾದ್ರೆ ಇದು ಬೀದಿ ನಲ್ಲಿ" ಎಂದರು ಅಪ್ಪ.

ಅನುವಾದ ಮಾಡಿ ಹೇಳಿದೆ. ಆಕೆ ನಕ್ಕಳು. ಈ ಸಲ ಗುಂಪಿಗಿಂತ ಮೊದಲು ಆಕೆ, ಆಮೇಲೆ ಗುಂಪು. ಸ್ಪೇನಿನಾಕೆ ಅಪ್ಪನ ಬೆನ್ನು ತಟ್ಟಿದಳು. ಅಪ್ಪ ಜೋಕ್ ಮಾಡಿರಲಿಲ್ಲ. ಯಾಕೆ ನಗುತ್ತಿದ್ದಾರೆ ಎಂದು ನನ್ನ ಕಡೆ ನೋಡಿದರು.

ಅಲ್ಲಿ ನಿಂತಾಗ ನನಗೆ ಅನ್ನಿಸಿದ್ದು ಇದು. ಆ ಕತೆಗಳೆಲ್ಲ ಹುಟ್ಟಿದ್ದು ನಲ್ಲಿಗೆ ಯಾರೂ ಬಿಂದಿಗೆ ಹಿಡಿಯದಂತಾದ ಮೇಲೆ ಇರಬೇಕು. ನೀರು ಹಿಡಿಯುವವರಿಗೆ ನಲ್ಲಿ ಯಾಕಿದೆ ಎಂಬ ಕತೆ ಬೇಕಾಗುವುದಿಲ್ಲ. ಅವರ ಜಗಳ ಏನಿದ್ದರೂ ಸರದಿಯದ್ದು. ಇದು ನನ್ನ ಊಹೆ. ಕೊಡೆ ಬಿಚ್ಚಿಯೇ ಹೇಳುತ್ತಿದ್ದೇನೆ ಅಂದುಕೊಳ್ಳಿ.

ಟೂರ್ ಅಲ್ಲಿಗೆ ಮುಗಿಯಿತು. ಅಪ್ಪ ತಮ್ಮ ಕೈಯಾರೆ ಹತ್ತು ಯೂರೋ ಕೊಟ್ಟರು. ಕೊಟ್ಟು, ಸ್ವಲ್ಪ ತಡೆದು, ಇನ್ನೂ ಐದು ಕೊಟ್ಟರು. ಅದು ಎಷ್ಟು ಎಂದು ಮನಸ್ಸಿನಲ್ಲೇ ರೂಪಾಯಿ ಮಾಡಿಕೊಂಡಿದ್ದು ಮುಖದಲ್ಲಿ ಕಂಡಿತು. ಆದರೂ ಕೈ ಹಿಂದೆ ತೆಗೆಯಲಿಲ್ಲ.

ಅದೇ ಮೂಲೆಯಿಂದ ನಾಲ್ಕು ಹೆಜ್ಜೆಯಲ್ಲಿ ಅವನ ಬಟ್ಟೆಗಳ ಮ್ಯೂಸಿಯಂ ಇದೆ. 2017ರಲ್ಲಿ ಶುರುವಾದದ್ದು. ಅವನಿಗೆ ಸಾವಿರಕ್ಕಿಂತ ಜಾಸ್ತಿ ಜೊತೆ ಬಟ್ಟೆಗಳಿವೆ, ದೇಶ ದೇಶದಿಂದ ಬಂದವು. ತೊಡಿಸಲು ನಗರದವರು ನೇಮಿಸಿದ ಒಬ್ಬ ವ್ಯಕ್ತಿಯೇ ಇದ್ದಾರೆ. 1747ರಲ್ಲಿ ಫ್ರೆಂಚ್ ಸೈನಿಕರು ಅವನನ್ನು ಕದ್ದು ತೊಂದರೆ ಕೊಟ್ಟಾಗ 15ನೇ ಲೂಯಿ ತಪ್ಪು ಕಾಣಿಕೆಯ ಹಾಗೆ ಒಂದು ಜರತಾರಿ ಅಂಗಿ ಕಳಿಸಿದ್ದ, ಜೊತೆಗೆ ಪದಕವೊಂದನ್ನೂ. ಅಂದಿನಿಂದ ಆ ಸೈನಿಕರು ಉಚ್ಚೆ ಹೊಯ್ಯುವ ಹುಡುಗನಿಗೆ ಸೆಲ್ಯೂಟ್ ಹೊಡೆಯಬೇಕಾಯಿತು. ಒಳ್ಳೆಯ ಶಿಕ್ಷೆ. ಅಪ್ಪ ಅಲ್ಲಿ ಹತ್ತು ನಿಮಿಷ ಓಡಾಡಿ ಬೆಂಚಿನ ಮೇಲೆ ಕೂತರು.

ಮಾರನೇ ದಿನ ನಾವಿಬ್ಬರೇ ಚೌಕದ ನಗರ ಮ್ಯೂಸಿಯಂಗೆ ಹೋದೆವು. ಬೀದಿಯಲ್ಲಿರುವುದು ನಕಲು, ಅಸಲು ಇಲ್ಲಿದೆ. ಅವನನ್ನು ಕದ್ದವರು ಬೇಕಾದಷ್ಟು ಜನ. 1817ರಲ್ಲಿ ಒಬ್ಬ ಮಾಜಿ ಕೈದಿ ಕದ್ದು ಚೂರು ಚೂರು ಮಾಡಿದ್ದ. ಅವನಿಗೆ ಜೀವಾವಧಿ ಕಠಿಣ ಶಿಕ್ಷೆ, ಅದಕ್ಕೆ ಮೊದಲು ಇದೇ ಚೌಕದಲ್ಲಿ ಕಂಬಕ್ಕೆ ಕಟ್ಟಿ ಒಂದು ಗಂಟೆ ನಿಲ್ಲಿಸಿದ್ದರು. 1965ರಲ್ಲಿ ಮತ್ತೆ ಕದ್ದರು. ಬೆಳಗ್ಗೆ ಬಂದು ನೋಡಿದರೆ ಕಲ್ಲಿನ ಮೇಲೆ ಎರಡು ಪಾದ ಮಾತ್ರ. ಮೈ ಸಿಕ್ಕಿದ್ದು ಮರುವರ್ಷ, ಊರಿನ ಕಾಲುವೆಯ ನೀರಿನಲ್ಲಿ. ಗಾಜಿನ ಹಿಂದೆ, ಒಳ್ಳೆಯ ಬೆಳಕಿನಲ್ಲಿ, ಅವನು ನಿಜಕ್ಕೂ ಚೆಲುವ. ಹೊಟ್ಟೆ ಸ್ವಲ್ಪ ಮುಂದೆ, ಬೆನ್ನು ಹಿಂದೆ, ಕೆನ್ನೆ ತುಂಬಿ, ಯಾರ ಹಂಗೂ ಇಲ್ಲದ ನಿಲುವು. ಬೀದಿಯ ನೂಕಿನಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಅಪ್ಪ ಒಂದು ಸುತ್ತು ಹಾಕಿ, "ಇಲ್ಲಿ ನೀರು ಕನೆಕ್ಷನ್ ಇಲ್ಲ" ಎಂದು ಹೊರಗೆ ಬಂದರು.

ಆವತ್ತು ಸಂಜೆ ತಮ್ಮ ಜೊತೆ ಕೆಲಸ ಮಾಡಿದ್ದ ಗೆಳೆಯರಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಅಭ್ಯಾಸ. ಮೂರು ವಾರದಲ್ಲಿ ನಾನು ತೋರಿಸಿದ್ದ ಅರಮನೆ, ಚರ್ಚು, ಸುತ್ತಲಿನ ಊರುಗಳು ಯಾವುದೂ ಅದರಲ್ಲಿ ಬರಲಿಲ್ಲ.

"ಇಲ್ಲೊಂದು ಬೀದಿ ನಲ್ಲಿ ಐತೆ ಕಣಯ್ಯಾ. ನಾನೂರು ವರ್ಷದ್ದು. ಹುಡುಗನ ಥರ ಮಾಡವ್ರೆ. ಒಂದು ಮೊಳ, ಐದು ಬೆರಳು. ನೀರು ಎಲ್ಲಿಂದ ಬರುತ್ತೆ ಹೇಳು ನೋಡಣ." ಅಪ್ಪ ಅಲ್ಲಿ ನಿಲ್ಲಿಸಿದರು. ಆಕೆ ನಿಲ್ಲಿಸುತ್ತಿದ್ದಳಲ್ಲ, ಅಷ್ಟೇ ಹೊತ್ತು. ಆಮೇಲೆ ಎಲ್ಲಿಂದ ಎಂದು ಹೇಳಿದರು.

ಆ ಕಡೆ ಫೋನಿನಲ್ಲಿ ಒಂದು ಕ್ಷಣ ಏನೂ ಇಲ್ಲ. ಅಷ್ಟು ದೂರದಿಂದ ದನಿ ಬರಲು ಹೊತ್ತು ಬೇಕಲ್ಲ. ಆಮೇಲೆ ನಗು ಕೇಳಿಸಿತು, ಕೆಮ್ಮಿನವರೆಗೂ ಹೋಗುವಂಥ ನಗು. ಅಪ್ಪ ಕಾದರು.

"ಮೀಟರೇ ಇರ್ಲಿಲ್ಲವಂತೆ ಕಣಯ್ಯಾ. ಮೀಟರ್ ಇಟ್ಟ ಮೇಲೆ ಗೊತ್ತಾಯ್ತಂತೆ."

"ದಿನಕ್ಕೆ ಎಷ್ಟು?"

"ಎರಡು, ಎರಡೂವರೆ ಸಾವಿರ."

ಮತ್ತೆ ಮೌನ. ಈ ಸಲ ಲೆಕ್ಕದ ಮೌನ. ನಂತರ ಆ ಕಡೆಯಿಂದ ಪ್ರಶ್ನೆ ಬಂತು. ಅಪ್ಪ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು.

"ಅಷ್ಟು ವರ್ಷದ ಬಿಲ್ ಯಾರು ಕಟ್ಟಿದ್ರು ಅಂತ ಆಯಮ್ಮನ್ನ ಕೇಳಿದ್ಯಾ?"

ಕೇಳಿರಲಿಲ್ಲ.